ರಜಾಕನನ್ನು ಅಗೆದು ತೆಗೆದ ಕೈಗೊಡಲಿ

ಮಧ್ಯಾಹ್ನ ಮೂರೂ ಇಪ್ಪತ್ತು. ನಮ್ಮ ಓಣಿಯಲ್ಲಿ ಯಾರಾದರೂ ಪಾಯಕ್ಕೆಂದು ಎರೆಮಣ್ಣು ಅಗೆದರೆ ಸಾಕು, ಆ ವಾಸನೆಗೆ ನನ್ನ ಎದೆಯೊಳಗಿನ ಗಡಿಯಾರ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ. ಇವತ್ತೂ ನಿಂತಿತು. ಎಪ್ಪತ್ತರ ದಶಕದ ಒಂದು ಬೇಸಿಗೆ, ಮುದ್ದೇಬಿಹಾಳದ ಆಚೆಯ ಹಳ್ಳದಲ್ಲಿ ಆ ಹೊತ್ತಿಗೇ ದಂಡೆ ಕುಸಿದದ್ದು.

ನಾನು ಇಂಡಿಯವನು, ಗೆಳೆಯ ರಜಾಕ ಸಿಂದಗಿಯವನು. ಇಬ್ಬರಿಗೂ ಆದಿಮಾನವನ ಹುಚ್ಚು ಹತ್ತಿಸಿದವರು ನಾವು ಓದುತ್ತಿದ್ದ ಬಾಗೇವಾಡಿ ಕಾಲೇಜಿನ ಇತಿಹಾಸದ ಸರ್. ರವಿವಾರ ಬಂತೆಂದರೆ ಮೂವರೂ ಹಳ್ಳ ಹಿಡಿದು ಕೈಗೊಡಲಿ ಹುಡುಕುತ್ತಿದ್ದೆವು: ಎರಡೂ ಬದಿ ಚಕ್ಕೆ ಎಬ್ಬಿಸಿ, ಹಿಡಿಯಲ್ಲಿ ಕೂರುವಂತೆ ಮಾಡಿದ ಕಲ್ಲು. ಸಂಜೆ ಚೀಲ ಹೊತ್ತು ಬಸ್ ಹತ್ತಿದರೆ ಕಂಡಕ್ಟರ್, "ಯಾಕ್ರಿ, ಬಾಗೇವಾಡ್ಯಾಗ ಕಲ್ಲ ತೀರ್ಯಾವೇನು?" ಎನ್ನುತ್ತಿದ್ದ. ನಗಬೇಡಿ, ಅದರಲ್ಲಿ ಮುಕ್ಕಾಲು ಪಾಲು ಚಕ್ಕಡಿಯ ಗಾಲಿ ಹಾಯ್ದು ಒಡೆದ ಕಲ್ಲೇ ಆಗಿರುತ್ತಿತ್ತು.

ಹಳ್ಳದಲ್ಲಿ ಬಿದ್ದದ್ದು ಎಲ್ಲಿಂದ ಉರುಳಿ ಬಂತೋ ತಿಳಿಯದು, ದಂಡೆಯ ಪದರಿನಲ್ಲಿ ಕೂತದ್ದು ಸಿಕ್ಕರೆ ಅದರ ಕಾಲ ಹೇಳಬಹುದು ಎನ್ನುತ್ತಿದ್ದರು ಸರ್. ಆ ದಿನ ರಜಾಕನಿಗೆ ಅಂಥದೊಂದರ ತುದಿ ಕಂಡಿತು. ಮೇಲಿನಿಂದ ಅಗೆದರೆ ಪದರು ಕೆಡುತ್ತದೆಂದು ಅವನು ಕೆಳಗಿನಿಂದ ಕೊರೆಯುತ್ತ ಒಳಗೆ ಹೋದ. "ಬಂತಲೇ, ಬಂತು!" ಎಂದ. ಬಂದದ್ದು ಮೇಲಿನ ಎರೆಮಣ್ಣು.

ಕುತ್ತಿಗೆಮಟ್ಟ ಹೂತಿದ್ದ. ಮುಖ ಕಪ್ಪಿಡುತ್ತಿತ್ತು. ನಾನು ಸಲಿಕೆ ಎತ್ತಿದೆ. ಸರ್ ಕಿರುಚಿದರು: "ಸಲಿಕಿ ಬ್ಯಾಡೋ, ಎಲಬಿಗೆ ಬಡಿತೈತಿ! ಚೀಲದಾನ ಕಲ್ಲ ತಗಿ!" ಕಲ್ಲಿನ ಒಂದು ಚಕ್ಕೆ ಉದುರಿದರೂ ಬೈಯುತ್ತಿದ್ದ ಮನುಷ್ಯ ತಾವೇ ಒಂದು ಕೈಗೊಡಲಿ ಹಿಡಿದು ಮಣ್ಣು ಕೆದರತೊಡಗಿದರು. ನಾನೂ ಒಂದು ಹಿಡಿದೆ. ಲಕ್ಷಾಂತರ ವರ್ಷಗಳ ಹಿಂದೆ ಈ ಸೀಮೆಯಲ್ಲಿ ಗೆಡ್ಡೆ ಕೀಳಲೋ ತೊಗಲು ಸುಲಿಯಲೋ ಯಾರೋ ಮಾಡಿಕೊಂಡದ್ದು. ಹೆಬ್ಬೆರಳಿಗೆಂದು ಅವರು ಬಿಟ್ಟ ತಗ್ಗಿನಲ್ಲಿ ನನ್ನ ಹೆಬ್ಬೆರಳು ತಾನಾಗಿ ಹೋಗಿ ಊರಿತು.

ಕೂಗು ಕೇಳಿ, ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹಳ್ಳಕ್ಕಿಳಿದು ಬಂದಳು. ರಜಾಕನ ಗದ್ದ ಎತ್ತಿ ಹಿಡಿದು, "ಕಣ್ಣ ಮುಚ್ಚಬ್ಯಾಡೋ ನನ್ನಪ್ಪಾ. ಏನ ಹುಡುಕಾಕ ಹೊಕ್ಕಿದ್ದಿ ಒಳಗ?" ಎಂದಳು.

"ಮುತ್ಯಾನ ಸಾಮಾನಬೇ," ಎಂದ ರಜಾಕ, ಉಸಿರು ಸಾಲದೆ.

"ನಿಮ್ಮ ಮುತ್ಯಾಗ ಇಡಾಕ ಬ್ಯಾರೆ ಜಾಗಾನ ಸಿಗಲಿಲ್ಲೇನು?"

ಅಂಥ ಹೊತ್ತಿನಲ್ಲೂ ಅವನು ನಕ್ಕ. ನಗಲು ಎದೆಗೆ ಜಾಗ ಸಿಕ್ಕಿತ್ತೆಂದರೆ ನಾವು ಅಷ್ಟು ಅಗೆದಿದ್ದೆವು. ಮುದುಕಿಯ ಕಂಬಳಿಯನ್ನು ಅವನ ಕಂಕುಳಿಗೆ ಸುತ್ತಿ ಎಲ್ಲರೂ ಜಗ್ಗಿದೆವು. ಬಂದ.

ಅವನಿಗೆ ಏನೂ ಆಗಲಿಲ್ಲ, ಆದದ್ದು ನನಗೆ. ಕಣ್ಣು ಮುಚ್ಚಿದರೆ ದಂಡೆ ಕುಸಿಯುತ್ತಿತ್ತು. ನಾನು ನಿದ್ದೆಗೆಟ್ಟ ಸುದ್ದಿ ತಿಳಿದು, ಯುಗಾದಿಯ ಹಿಂದಿನ ದಿನ ರಜಾಕ ಇಂಡಿಗೆ ಬಂದು ನನ್ನ ಪಕ್ಕದಲ್ಲೇ ಹಾಸಿಕೊಂಡ. "ಆದಿಮಾನವರು ಹಿಂಗ ಒತ್ತೊತ್ತಿ ಮಲಗತಿದ್ರಂತ. ನಾ ಗೊರಕಿ ಹೊಡಿತೇನಿ, ಕೇಳ್ಕೋತ ಮಲ್ಕೋ."

ಆ ಕಲ್ಲು ಕೆತ್ತಿದವರ ಹೆಸರು ಯಾರಿಗೂ ಗೊತ್ತಿಲ್ಲ, ಮುದುಕಿಯ ಹೆಸರು ಕೇಳಲೇ ಇಲ್ಲ. ಈಗ ಎರೆಮಣ್ಣಿನ ವಾಸನೆಗೆ ಮೊದಲು ಹೆದರಿಕೆ ಬರುತ್ತದೆ, ಅದರ ಹಿಂದೆಯೇ ಇವರಿಬ್ಬರೂ ಬರುತ್ತಾರೆ. ಆ ಯುಗಾದಿಯ ದಿನ ನಾನು ಎದ್ದಾಗ ಬಿಸಿಲು ಪಡಸಾಲೆಗೆ ಇಳಿದಿತ್ತು, ಅವ್ವ ಬೇವು ಅರೆಯುತ್ತಿದ್ದಳು, ರಜಾಕ ಇನ್ನೂ ಗೊರಕೆ ಹೊಡೆಯುತ್ತಿದ್ದ.