ಡಿಕ್ಕಿಯಲ್ಲಿ ಉಳಿದ ಆಲಿಕೆ

ಕಳೆದ ವಾರ ಒಂದು ಬೆಳಿಗ್ಗೆ ಆರೂಕಾಲಿಗೆ ನಾನು ಸಾಕ್ಷ್ಯ ನಾಶ ಮಾಡುತ್ತಿದ್ದೆ. ಬಿಸಿನೀರು, ಸೋಪು, ಹಳೇ ಪಂಚೆಯ ತುಂಡು. ಒರೆಸುತ್ತಿದ್ದದ್ದು ಬೆಕ್ಕನ್ನು.

ಬೆಕ್ಕಿನ ಹೆಸರು ಸುಬ್ಬಿ. ಅದು ನನ್ನದಲ್ಲ, ನನ್ನ ಹೆಂಡತಿ ರತ್ನಳದ್ದು. (ಮನೆಯಲ್ಲಿ ನನ್ನದು ಎನ್ನುವುದು ಏನಿದೆ ಎಂಬುದು ಬೇರೆ ಪ್ರಶ್ನೆ.) ರತ್ನಳ ತಂಗಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ಎರಡು ವಾರಕ್ಕೆಂದು ಸೋಸಲೆಗೆ ಹೊರಟಳು. ಗ್ಯಾಸ್ ಬಗ್ಗೆ ಏನೂ ಹೇಳಲಿಲ್ಲ, ನನ್ನ ಬಿಪಿ ಮಾತ್ರೆ ಬಗ್ಗೆಯೂ ಹೇಳಲಿಲ್ಲ. ಬಸ್ ಹತ್ತುವಾಗ ಹೇಳಿದ್ದು ಒಂದೇ ಮಾತು: "ನಾನು ಬರೋ ಹೊತ್ಗೆ ಸುಬ್ಬಿ ಹೆಂಗಿದಾಳೋ ಹಂಗೇ ಇರ್ಬೇಕು ಕಣ್ರೀ."

ಇದೇನು ಮಹಾ? ನಾನು ಟಿ. ನರಸೀಪುರದಲ್ಲಿ ಬಾಲಕರ ಹಾಸ್ಟೆಲಿನ ವಾರ್ಡನ್ ಆಗಿದ್ದವನೆಂದು ಈ ಅಂಕಣದ ಓದುಗರಿಗೆ ಗೊತ್ತು. (ಹೇಳಿ ಹೇಳಿ ಬೇಸರ ತರಿಸಿದ್ದೇನೆ ಎಂದು ನನಗೂ ಗೊತ್ತು.) ಐದಕ್ಕೆ ಗಂಟೆ, ಐದೂಕಾಲಿಗೆ ವ್ಯಾಯಾಮ, ಆರಕ್ಕೆ ಸ್ನಾನದ ಸಾಲು. ನಿವೃತ್ತನಾಗಿ ನಂಜನಗೂಡಿಗೆ ಬಂದ ಮೇಲೂ ಗೋಡೆಯ ಮೇಲೆ ವೇಳಾಪಟ್ಟಿ ಇದೆ. ಈಗ ಅದನ್ನು ಪಾಲಿಸುವ ವಿದ್ಯಾರ್ಥಿ ನಾನೊಬ್ಬನೇ.

ಸುಬ್ಬಿಗೂ ಒಂದು ಪಟ್ಟಿ ಬರೆದು ಅಂಟಿಸಿದೆ. ಆರಕ್ಕೆ ಹಾಲು, ಆರೂವರೆಗೆ ಹಿತ್ತಲು. ಅವಳು ಅದನ್ನು ಓದಲಿಲ್ಲ. ನನ್ನ ಎರಡೂ ಮುಂಗೈಗಳಲ್ಲಿ ಪರಚಿದ ಗೆರೆಗಳು ಮಾತ್ರ ಶಿಸ್ತಾಗಿ ಮೂಡಿದವು.

ಮೂರನೆಯ ದಿನ ಅವಳ ಪಕ್ಕೆಯಲ್ಲಿ ಹಳೇ ಎಂಟಾಣೆಯಷ್ಟಗಲ ಕೂದಲು ಉದುರಿದ್ದು ಕಂಡಿತು. ನಮ್ಮ ಹಿಂದಿನ ಬೀದಿಯಲ್ಲಿ ಕ್ಲಿನಿಕ್ ಇಟ್ಟಿರುವ ಪಶುವೈದ್ಯೆಯ ಬಳಿಗೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋದೆ. ಎಲ್ಲರೂ ಅವರನ್ನು ಡಾಕ್ಟರಮ್ಮ ಅನ್ನುತ್ತಾರೆ. ನೋಡಿ, ಹುಳುಕಡ್ಡಿ ಎಂದರು. ಮುಲಾಮು ಕೊಟ್ಟರು, ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ಕಿನ ಆಲಿಕೆಯಂಥದ್ದೊಂದು ಹಾಕಿದರು. ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ವಾಸಿಯಾಗಲು ಮೂರು ವಾರ ಬೇಕು ಎಂದರು.

ಮೂರು ವಾರವೇ? ರತ್ನ ಬರಲು ಉಳಿದಿದ್ದದ್ದು ಹನ್ನೊಂದು ದಿನ.

ಒಬ್ಬ ಬಡಗಿ ಇಪ್ಪತ್ತೊಂದು ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರು ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಹಾಸ್ಟೆಲ್ ಹುಡುಗರಿಗೆ ಈ ಲೆಕ್ಕ ಹೇಳಿಕೊಟ್ಟವನೇ ನಾನು. ಇಂಗ್ಲಿಷ್ ಮದ್ದಿನ ಜೊತೆ ನಾಟಿ ಮದ್ದೂ ಸೇರಿದರೆ ಹತ್ತೂವರೆ ದಿನ. ಇನ್ನೂ ಅರ್ಧ ದಿನ ಕೈಯಲ್ಲಿ ಉಳಿಯುತ್ತದೆ.

ಚಿಕ್ಕಯ್ಯನಛತ್ರದಲ್ಲಿ ಪುಟ್ಟಮಾದಯ್ಯ ಎಂಬವರಿದ್ದಾರೆ. ದನ, ಕುರಿ, ನಾಯಿ ಯಾವುದಕ್ಕಾದರೂ ಸೊಪ್ಪು, ಬೇರು, ಎಣ್ಣೆಗಳಲ್ಲೇ ಔಷಧಿ ಮಾಡುವವರು. ಮಾರನೆಯ ದಿನವೇ ಸುಬ್ಬಿಯ ಬುಟ್ಟಿಯನ್ನು ಸ್ಕೂಟರಿಗೆ ಕಟ್ಟಿ ಹೊರಟೆ. ಊರು ಇನ್ನೇನು ಬಂತು ಅನ್ನುವಾಗ ಸ್ಕೂಟರ್ ನಿಲ್ಲಿಸಿ, ಅತ್ತಿತ್ತ ನೋಡಿ, ಆಲಿಕೆ ಬಿಚ್ಚಿ ಡಿಕ್ಕಿಯೊಳಗೆ ಇಟ್ಟೆ.

ಯಾಕೆ ಅನ್ನುತ್ತೀರಾ? ಆಲಿಕೆ ಕಂಡರೆ ಡಾಕ್ಟರಿಗೆ ತೋರಿಸಿದ್ದು ಗೊತ್ತಾಗುತ್ತದೆ. ಗೊತ್ತಾದರೆ ಅವರಿಗೆ ಬೇಜಾರಾಗುತ್ತದೆ. ಬೇಜಾರಾದರೆ ಮದ್ದು ಕೊಡುವುದಿಲ್ಲ. ಇದ್ಯಾವುದನ್ನೂ ಪುಟ್ಟಮಾದಯ್ಯ ಹೇಳಿದವರಲ್ಲ. ಅವರ ಪರವಾಗಿ ನಾನೇ ಯೋಚಿಸಿ ಮುಗಿಸಿದ್ದೆ.

ಬೇರೆ ಮದ್ದು ಏನಾದರೂ ಹಚ್ಚಿದ್ದೀರಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಒಂದು ಪುಟ್ಟ ಸೀಸೆಯಲ್ಲಿ ಎಣ್ಣೆ ಕೊಟ್ಟು ಹೇಳಿದರು: "ಬೆಕ್ಕು ನಾಯಿ ಅಂಗಲ್ಲ ಸಾ, ಮೈಯೆಲ್ಲ ನೆಕ್ಕ್ತದೆ. ಒಂದೇ ತೊಟ್ಟು, ಆ ಜಾಗಕ್ ಮಾತ್ರ. ಒಣಗೋಗಂಟ ನೆಕ್ಕಕ್ ಬಿಡ್ಬ್ಯಾಡಿ."

ಒಂದೇ ತೊಟ್ಟು? ದೀಪಾವಳಿಯ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿಸಿದ ಕೈ ಇದು. ಸುಬ್ಬಿಗೂ ಅದೇ ಮರ್ಯಾದೆ ಸಿಕ್ಕಿತು. ಡೈರಿಯಲ್ಲಿ "ಎಣ್ಣೆ, ಆಯಿತು" ಎಂದು ಬರೆದು ಟಿಕ್ ಹಾಕಿದೆ. ಸುಬ್ಬಿ ಕಿಟಕಿ ಕಟ್ಟೆಯ ಮೇಲೆ ಕೂತು ಮೈ ನೆಕ್ಕುತ್ತಿದ್ದಳು. ಎಷ್ಟು ಶುಚಿಯಾದ ಪ್ರಾಣಿ ಎಂದು ಮೆಚ್ಚಿಕೊಂಡೆ ಕೂಡ. ಆಲಿಕೆ ಡಿಕ್ಕಿಯಲ್ಲೇ ಇತ್ತು. ನೆನಪಾಗಲಿಲ್ಲ. ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲವಲ್ಲ.

ಮಾರನೆಯ ದಿನ ಆರಕ್ಕೆ ಹಾಲಿಟ್ಟು ಕರೆದೆ. ಬರಲಿಲ್ಲ. ಹುಡುಕಿದರೆ ರತ್ನಳ ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಮಲಗಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಹಿಂಗಾಲು ಅದುರುತ್ತಿತ್ತು. ಎತ್ತಿಕೊಂಡೆ. ಪರಚಲಿಲ್ಲ. ಹೆದರಿಕೆಯಾದದ್ದು ಆಗ.

ತಕ್ಷಣ ಓಡಬೇಕಿತ್ತು, ಅಲ್ಲವೇ? ನಾನು ಓಡಲಿಲ್ಲ. ಎಣ್ಣೆಯ ವಾಸನೆ ಡಾಕ್ಟರಮ್ಮನಿಗೆ ಗೊತ್ತಾಗಬಾರದೆಂದು ಮೊದಲು ನೀರು ಕಾಯಿಸಿದೆ. ಬೆಕ್ಕು ಸಾಯುವ ಹಾಗಿದೆ, ನಾನು ಒರೆಸುತ್ತಿದ್ದೇನೆ. ಹತ್ತು ನಿಮಿಷ. ಇದನ್ನು ಬರೆಯುವಾಗಲೂ ಆ ಹತ್ತು ನಿಮಿಷದ ಹತ್ತಿರ ಪೆನ್ನು ನಿಲ್ಲುತ್ತದೆ.

ಡಾಕ್ಟರಮ್ಮನ ಮನೆ ಕ್ಲಿನಿಕ್ಕಿನ ಮೇಲೆಯೇ. ಕರೆದ ಕೂಡಲೇ ಇಳಿದು ಬಂದರು. ಸುಬ್ಬಿಯ ಕಣ್ಣು, ವಸಡು ನೋಡಿದರು. ಆಲಿಕೆ ಎಲ್ಲಿ ಎಂದು ಕೇಳಿದರು. ಬಿದ್ದುಹೋಯಿತು ಎಂದೆ. ಮುಲಾಮು ಬಿಟ್ಟು ಬೇರೆ ಏನು ಹಚ್ಚಿದಿರಿ ಎಂದರು. ಏನೂ ಇಲ್ಲ ಎಂದೆ.

ಅವರು ಸುಬ್ಬಿಯ ಬೆನ್ನಿಗೆ ಮೂಗು ತಂದು ಮೂಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಸರ್, ಬೈಯೋದಕ್ಕೆ ಕೇಳ್ತಾ ಇಲ್ಲ. ಹೊಟ್ಟೆಗೆ ಏನು ಹೋಗಿದೆ ಅಂತ ಗೊತ್ತಾಗದೆ ನಾನು ಹೇಗೆ ಉಳಿಸ್ಲಿ?"

ಹಾಸ್ಟೆಲ್ ಗೋಡೆ ಹಾರಿ ಸಿನಿಮಾಕ್ಕೆ ಹೋದ ಹುಡುಗರನ್ನು ನಾನು ವಿಚಾರಿಸುತ್ತಿದ್ದ ಕ್ರಮವೊಂದಿತ್ತು. ಸಾಲಾಗಿ ನಿಲ್ಲಿಸುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಯಾರು ತಮ್ಮ ಕಾಲ್ಬೆರಳು ನೋಡುತ್ತಾರೋ ಅವರೇ ಹೋದವರು. ಒಂದು ಸಲವೂ ತಪ್ಪಿಲ್ಲ.

ಆ ಬೆಳಿಗ್ಗೆ ಕ್ಲಿನಿಕ್ಕಿನ ಟೈಲ್ಸ್ ಮೇಲೆ ಎರಡು ಹವಾಯಿ ಚಪ್ಪಲಿ, ಅದರಲ್ಲಿ ಹತ್ತು ಬೆರಳು ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನವೇ.

ಎಲ್ಲ ಹೇಳಿದೆ. ಡಿಕ್ಕಿ, ಎಣ್ಣೆ, ಬಿಸಿನೀರು. ಅವರು ಫೋನ್ ತೆಗೆದು ಯಾರಿಗೋ ಮಾಡಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಬಂದದ್ದು ಪುಟ್ಟಮಾದಯ್ಯನವರ ದನಿ. ಅವರಿಬ್ಬರಿಗೂ ಪರಿಚಯ! ಮೂಳೆ ಮುರಿದ ಮೇಕೆಗಳನ್ನು ಆತ ಈಕೆಗೆ ಕಳಿಸುತ್ತಾರಂತೆ. ಆತನ ಎಲ್ಲ ಸೊಪ್ಪನ್ನೂ ಈಕೆ ಒಪ್ಪುವುದಿಲ್ಲ, ಈಕೆಯ ಎಲ್ಲ ಇಂಜೆಕ್ಷನ್ನನ್ನೂ ಆತ ಒಪ್ಪುವುದಿಲ್ಲ. ಜಗಳವಾಡುವುದಿದ್ದರೆ ಫೋನಿನಲ್ಲೇ ಆಡುತ್ತಾರೆ. ಅವರಿಬ್ಬರ ನಡುವೆ ನಾನು ಸ್ವಂತ ಖರ್ಚಿನಲ್ಲಿ ಗೋಡೆ ಕಟ್ಟಿಸಿದ್ದೆ.

ಎಣ್ಣೆಯಲ್ಲಿ ಏನೇನಿದೆ ಎಂದು ಡಾಕ್ಟರಮ್ಮ ಕೇಳಿದರು.

"ಬೇವಿನೆಣ್ಣೆನೇ ಕಣವ್ವಾ, ಬ್ಯಾರೆ ಏನಿಲ್ಲ. ಒಂದ್ ತೊಟ್ಟು ಅಂತ ಯೋಳಿದ್ನಲ್ಲ ಸಾರ್ಗೆ. ಎಷ್ಟ್ ಅಚ್ಚವ್ರೆ?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಫೋನಿಗೆ ನಾನೇ ಉತ್ತರ ಕೊಟ್ಟೆ: "ಬೆಕ್ಕು ಪೂರ್ತಿ."

ಆ ಕಡೆಯಿಂದ, "ಉಳಿಸ್ಕಳಿ ಅವ್ವಾ. ಡಾಕ್ಟ್ರಿಗೆ ತೋರ್ಸಿವ್ನಿ ಅಂದಿದ್ರೆ ಎಣ್ಣೆನೇ ಕೊಡ್ತಿರ್ನಿಲ್ಲ ನಾನು."

ಸುಬ್ಬಿಯ ಮೈ ಪೂರ್ತಿ ತೊಳೆದು ಡ್ರಿಪ್ ಹಾಕಿದರು. ನಾನು ಮೂಲೆಯ ಸ್ಟೂಲಿನ ಮೇಲೆ ಸಂಜೆವರೆಗೂ ಕೂತಿದ್ದೆ. ತಿಂಡಿಯ ಹೊತ್ತು, ಊಟದ ಹೊತ್ತು, ಪೇಪರ್ ಓದುವ ಹೊತ್ತು ಎಲ್ಲ ಹೋದವು. ಒಂದೂ ಟಿಕ್ ಇಲ್ಲ. ಮಧ್ಯಾಹ್ನದ ಮೇಲೆ ಅದುರುವುದು ನಿಂತಿತು. ಆಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಸರ್, ಬಿಪಿ ಗಿಪಿ ಇದೆಯಾ ಎಂದರು. ಇದೆ, ಮಾತ್ರೆ ತಗೊಳ್ಳುತ್ತೇನೆ ಎಂದೆ. ಬೇರೆ ಏನಾದರೂ? ಬೆಳಿಗ್ಗೆ ಐದೂಮುಕ್ಕಾಲಿಗೆ ಬೆಳ್ಳುಳ್ಳಿ ಕಷಾಯ, ವರ್ಷಗಳಿಂದ.

"ಅದು ನಿಮ್ಮ ಡಾಕ್ಟರಿಗೆ ಗೊತ್ತಾ?"

ಹವಾಯಿ ಚಪ್ಪಲಿ, ಹತ್ತು ಬೆರಳು, ಇನ್ನೂ ಅಲ್ಲೇ ಇದ್ದವು.

ನೀವು ನಗಬೇಡಿ. ನಿಮ್ಮ ಅಡುಗೆಮನೆಯಲ್ಲೂ ಒಂದು ಕಷಾಯ, ಒಂದು ಪುಡಿ, ಯಾರೋ ತಂದುಕೊಟ್ಟ ಒಂದು ಸೀಸೆ ಇದ್ದೇ ಇದೆ. ಡಾಕ್ಟರ್ ಕೇಳಿದರೆ "ಬೇರೇನೂ ಇಲ್ಲ" ಅನ್ನುತ್ತೇವೆ. ನಾಟಿ ವೈದ್ಯರು ಕೇಳಿದರೆ "ಇಂಗ್ಲಿಷ್ ಮದ್ದು ಬಿಟ್ಟಿದ್ದೇವೆ" ಅನ್ನುತ್ತೇವೆ. ಇಬ್ಬರಲ್ಲಿ ಯಾರು ಸರಿ ಎಂದು ಊರೆಲ್ಲ ವಾದ ಮಾಡುತ್ತೇವೆ. ಇಬ್ಬರಿಗೂ ಸುಳ್ಳು ಹೇಳಿದವರು ಯಾರೆಂದು ಮಾತ್ರ ಕೇಳುವುದಿಲ್ಲ.

ಆ ಸಂಜೆ ರತ್ನಳಿಗೆ ಫೋನಿನಲ್ಲಿ ಎಲ್ಲ ಒಪ್ಪಿಸಿದೆ. ಅವಳು ಏನಂದಳು ಎಂಬುದನ್ನು ಪತ್ರಿಕೆಯಲ್ಲಿ ಬರೆಯಲಾಗುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದಳು ಎಂದಷ್ಟೇ ಹೇಳಬಲ್ಲೆ. ಅವಳು ಬಂದ ಮೂರನೆಯ ದಿನ ಸುಬ್ಬಿ ಆರೂ ಇಪ್ಪತ್ತಕ್ಕೆ ಆಲಿಕೆ ಸಮೇತ ಬಂದು ಬಟ್ಟಲು ಕುಕ್ಕಿದಳು. ಇಪ್ಪತ್ತು ನಿಮಿಷ ಲೇಟು. ನಾನು ಡೈರಿ ತೆರೆಯಲಿಲ್ಲ.

ಬರುವ ಸೋಮವಾರ ನನ್ನ ಬಿಪಿ ಚೆಕಪ್ ಇದೆ. ಶೂ ಹಾಕಿಕೊಂಡು ಹೋಗಲೇ, ಚಪ್ಪಲಿಯಲ್ಲೇ ಹೋಗಲೇ?