ಬಸವಣ್ಣನಿಗೆ ಬಿಟ್ಟ ಕೋಳಿಗಳು

ಏ ಅಣ್ಣಾರ! ಓ ಆ ಕಡೆ ಕಟ್ಟಿ ಮ್ಯಾಲ ಕುಂತಾಕಿ, ನಿನಗೂ ಕರ್ಯಾಕತ್ತೇನಿ! ಲಾರಿ ಹೋಗಿ ಧೂಳು ಇಳೀಲಿ, ಆಮ್ಯಾಲ ದಾಟಿ ಬರ್ರಿ. ಉಸಗಾಂವದ ಬಾಳಮ್ಮನ ಕೋಳಿ ಸುದ್ದಿ ಐತಿ.

ಗಣಿ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು, 2008ರ ಸುಮಾರು. ಬಾಳಮ್ಮ ಗದಗಿನ ಕಡೆಯವಳು. ಗಂಡ ಯಮನೂರನಿಗೆ ಗಣಿಯಲ್ಲಿ ಕೂಲಿ. ಇವಳು ಫೋಂಡಾದಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಪದ್ಮಶ್ರೀ ಎಂಬವಳ ಮನೆಯಲ್ಲಿ ಬಟ್ಟೆ, ಪಾತ್ರೆ ತೊಳೆಯುತ್ತಿದ್ದಳು. ಧಾರವಾಡದ ಪದ್ಮಶ್ರೀಗೆ ಕುಂಟುವ ನಾಯಿ, ರೆಕ್ಕೆ ಮುರಿದ ಕಾಗೆ, ಯಾವುದು ಕಂಡರೂ ಮನೆಗೆ ತರುವ ಚಟ. ಒಂದು ದಿನ ಬಾಳಮ್ಮ ಕೆಲಸಕ್ಕೆ ಹೋದರೆ ಬಾಲ್ಕನಿ ತುಂಬ ಬಿಳಿ ಕೋಳಿ. ಯಾವುದೋ ಮೊಟ್ಟೆ ಫಾರಂ ಮುಚ್ಚಿತ್ತು. ಅಲ್ಲಿಂದ ಕೋಳಿಗಳನ್ನು ಮಾಂಸದ ಅಂಗಡಿಗಳಿಗೆ ಸಾಗಿಸುವಾಗ ಪದ್ಮಶ್ರೀ ಮತ್ತವಳ ಗೆಳತಿಯರು ಒಂದಷ್ಟನ್ನು ಬಿಡಿಸಿಕೊಂಡು ಬಂದಿದ್ದರು. ಕೆಳಗಿನ ಮನೆಯವರು ಆಗಲೇ ಬಂದು ಬೈದು ಹೋಗಿದ್ದರು.

"ಬಾಳಮ್ಮಾ, ನಿಮ್ಮ ಮನಿ ಮುಂದ ಜಾಗಾ ಅದ ಅಲ್ಲಾ? ಒಂದೈದು ಒಯ್ಯಿ."

"ಒಯ್ತೇನ್ರಿ ಅಕ್ಕಾರ. ಹಬ್ಬಕ್ಕ ಚಲೋ ಆಗ್ತಾವ."

"ಹಬ್ಬ ಗಿಬ್ಬ ಏನಿಲ್ಲ. ಇವು ಪಂಜರದಾಗ ರೆಕ್ಕಿನೂ ಬಿಚ್ಚಿಲ್ಲ. ತಾವಾಗೇ ಸಾಯೂತನಕಾ ಇಟ್ಕೋಬೇಕು, ಕೊಯ್ಯಂಗಿಲ್ಲ. ಮಾತು ಕೊಡ್ತೀ?"

ಬಾಳಮ್ಮ ಮಾತು ಕೊಟ್ಟಳು. ಕೊಡುವಾಗ ಹೆಚ್ಚೇನೂ ಯೋಚಿಸಲಿಲ್ಲ.

ಊರಲ್ಲಿ ಜವಾರಿ ಕೋಳಿ ಸಾಕಿ ಬಲ್ಲವಳು ಅವಳು. ಮನೆಗೆ ತಂದ ಕೂಡಲೇ ರಟ್ಟಿನ ಡಬ್ಬಿ ತೆರೆದು, ಅಂಗಳಕ್ಕೆ ಜೋಳ ತೂರಿ, "ಬಾ ಬಾ ಬಾ" ಎಂದು ಕರೆದಳು. ಒಂದೂ ಅಲ್ಲಾಡಲಿಲ್ಲ. ಎತ್ತಿ ನೆಲಕ್ಕೆ ಬಿಟ್ಟರೆ, ಕಾದ ಹಂಚಿನ ಮೇಲೆ ನಿಂತಂತೆ ಒಂದೊಂದೇ ಕಾಲು ಎತ್ತತೊಡಗಿದವು. ತಂತಿಯ ಮೇಲೆ ನಿಂತು ಬೆಳೆದ ಕಾಲಿಗೆ ಮಣ್ಣು ಹೊಸದು. ಬಿಸಿಲು ತಾಗಿದಾಗ ಐದೂ ಗೋಡೆಗೆ ಒತ್ತಿಕೊಂಡವು. ಕಚ್ಚಾಡಬಾರದೆಂದು ಫಾರಮ್ಮಿನಲ್ಲಿ ಕಾದ ಅಲಗಿನಿಂದ ಕೊಕ್ಕಿನ ತುದಿ ಕತ್ತರಿಸಿದ್ದರಿಂದ ಜೋಳದ ಕಾಳು ಬಾಯಿಗೆ ಸಿಗದೆ ಜಾರುತ್ತಿತ್ತು.

ಪಕ್ಕದ ಮನೆಯ ಮುಮ್ತಾಜ ಬಾಗಿಲಲ್ಲಿ ನಿಂತು ನೋಡಿದಳು. "ಬಾಳಮ್ಮಾ, ಕೋಳಿ ಅಲ್ಲಬೇ ಇವು, ಕೋಳಿ ಫೋಟೋ!"

ಎರಡು ದಿನ ಕೋಳಿಗಳು ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಬಾಳಮ್ಮ ನುಚ್ಚು ನೆನೆಸಿ ಆಳದ ಬೋಗುಣಿಯಲ್ಲಿ ಇಟ್ಟಳು. ಅದರ ಸುತ್ತ ನಿಂತವೇ ಹೊರತು ಬಾಯಿ ಹಾಕಲಿಲ್ಲ. ಕೊನೆಗೆ ಬೇಸತ್ತು ಬೋಗುಣಿಯನ್ನು ಗೋಡೆಗೆ ಒರಗಿಸಿಟ್ಟ ಹಳೇ ಕಿಟಕಿಯ ಸರಳುಗಳ ಹಿಂದೆ ಸರಿಸಿ ನೀರಿಗೆ ಹೋದಳು. ಬಂದು ನೋಡಿದರೆ ಐದೂ ಕೋಳಿ ಸಾಲಾಗಿ ನಿಂತು, ಸರಳುಗಳ ನಡುವೆ ಕತ್ತು ತೂರಿಸಿ ಗಬಗಬ ತಿನ್ನುತ್ತಿದ್ದವು. ಊಟವೆಂದರೆ ಕಬ್ಬಿಣದ ಆಚೆ ಇರುವುದು ಎಂದೇ ಅವು ತಿಳಿದಿದ್ದವು.

ಮುಂದೆ ಬಾಳಮ್ಮ ಅದನ್ನೇ ಹಿಡಿದಳು. ಬೋಗುಣಿಯನ್ನು ದಿನಾ ತುಸು ತುಸು ಈಚೆಗೆ ಎಳೆದಳು. ಒಂದು ಮುಂಜಾನೆ ಅದು ಪೂರ್ತಿ ಈಚೆ ಬಂತು. ಕೋಳಿಗಳು ಕಿಟಕಿಯನ್ನೊಮ್ಮೆ, ಬೋಗುಣಿಯನ್ನೊಮ್ಮೆ ನೋಡಿ, ಕೊನೆಗೆ ಅಂಗಳದಲ್ಲೇ ತಿಂದವು. ಮಳೆಗಾಲ ಮುಗಿಯುವ ಹೊತ್ತಿಗೆ ಮಣ್ಣು ಕೆದರಲು ಕಲಿತವು. ಗಣಿಯ ಧೂಳಲ್ಲಿ ಹೊರಳಿ ಹೊರಳಿ ಬಿಳಿ ಬಣ್ಣ ಹೋಗಿ ಇಟ್ಟಿಗೆಯ ಬಣ್ಣ ಬಂತು. ಸಂಜೆ ಬಾಳಮ್ಮ ಬಿದಿರ ಬುಟ್ಟಿ ಕವುಚಿ ಮುಚ್ಚುವಳು, ಮುಂಜಾನೆ ತೆಗೆಯುವಳು. ಮುದ್ದು ಗಿದ್ದು ಮಾಡಿದವಳಲ್ಲ. ಆದರೆ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮುಂಚೆ ಐದೂ ಇವೆಯೇ ಎಂದು ನೋಡುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಸಾವರ್ಡೆಯಿಂದ ಯಮನೂರನ ಅಣ್ಣ ಹೊಳೆಪ್ಪ ಬಂದ. ಹಿರಿಯ, ದೇವರ ವಿಷಯದಲ್ಲಿ ಬಲು ಬಿಗಿ. ಕೈಕಾಲು ತೊಳೆದು ಕಟ್ಟೆಯ ಮೇಲೆ ಕುಳಿತವನ ಕಣ್ಣು ಅಂಗಳದಲ್ಲೇ ಇತ್ತು.

"ಮೈ ತುಂಬ್ಯಾವಲೇ ಯಮನೂರಾ. ಯಾವುದು ಕೊಯ್ಯೂಣು?"

ಬಾಳಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಅವನ್ನ ಕೊಯ್ಯಾಕ ಬರಂಗಿಲ್ರಿ ಭಾವಾರ."

ಯಮನೂರನ ಮುಖ ಸಣ್ಣದಾಯಿತು. "ಅಣ್ಣ ಬಂದಾನ, ಅಂಗಳದಾಗ ಕೋಳಿ ಅಡ್ಡಾಡಾಕತ್ತಾವ, ತಾಟಿನ್ಯಾಗ ಬದ್ನಿಕಾಯಿ ಹಾಕ್ತೀ ಏನ?"

"ಯಾಕವಾ, ಜಡ್ಡೇನು ಅವಕ್ಕ?" ಹೊಳೆಪ್ಪ ಕೇಳಿದ.

ಜಡ್ಡು ಎಂದರೆ ಗಂಡ ಅವತ್ತೇ ಹೊತ್ತೊಯ್ದು ಎಸೆದು ಬರುತ್ತಾನೆ. ಬ್ಯಾಂಕಿನ ಅಕ್ಕಾರಿಗೆ ಮಾತು ಕೊಟ್ಟಿದ್ದೇನೆ ಎಂದರೆ ಇಬ್ಬರೂ ನಗುತ್ತಾರೆ. ಬಾಳಮ್ಮನ ಬಾಯಿಗೆ ಬಂದದ್ದು ಒಂದೇ.

"ದೇವರಿಗೆ ಬಿಟ್ಟೇನ್ರಿ."

ಹೊಳೆಪ್ಪ ನೆಟ್ಟಗೆ ಕುಳಿತ. "ಮೊದಲ ಹೇಳಬಾರದೇನವಾ? ದ್ಯಾಮವ್ವಗ ಹೌದಲ್ಲ? ಬರೂ ಅಮಾಸಿಗೆ ನಾನೂ ಬರ್ತೇನಿ. ಎಲ್ಲಾರೂ ಕೂಡಿ ಕೊಟ್ಟು, ಊಟಾ ಮಾಡೂಣು."

ಬಾಳಮ್ಮನಿಗೆ ಆಗ ಹೊಳೆಯಿತು. ದ್ಯಾಮವ್ವನಿಗೆ ಬಿಟ್ಟದ್ದೆಂದರೆ ಕಡಿಯಲೆಂದೇ ಬಿಟ್ಟದ್ದು. ಒಂದು ಕೋಳಿ ಉಳಿಸಲು ಹೋಗಿ ಐದಕ್ಕೂ ದಿನ ಗೊತ್ತು ಮಾಡಿಕೊಂಡಿದ್ದಳು.

"ದ್ಯಾಮವ್ವಗ ಅಲ್ರಿ," ಎಂದಳು. "ಬಸವಣ್ಣಗ."

ಯಮನೂರ ಬಾಯಿ ತೆರೆದ. "ಬಸವಣ್ಣಗ ಕೋಳಿ? ಹುಲ್ಲು ತಿನ್ನೂ ದೇವರಿಗೆ?"

ಗೋಡೆಯಾಚೆ ಮುಮ್ತಾಜ ಕಿಸಕ್ಕೆಂದಳು. ಹೊಳೆಪ್ಪ ಕೆಮ್ಮು ಬರುವವರೆಗೂ ನಕ್ಕ. "ಎಲ್ಲಾರೂ ಗೂಳಿ ಬಿಡ್ತಾರ, ನಮ್ಮ ಬಾಳವ್ವ ಕೋಳಿ ಬಿಟ್ಟಾಳ!" ನಗು ನಿಂತ ಮೇಲೆ ಕೋಳಿಗಳನ್ನು ಇನ್ನೊಮ್ಮೆ ನೋಡಿದ. ಬಸವಣ್ಣನ ಹೆಸರು ಹೇಳಿದ ಪ್ರಾಣಿಗೆ ಕತ್ತಿ ಹಚ್ಚುವವರು ಯಾರು? ಆದರೂ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ.

"ಗೂಳಿ ಬಿಟ್ಟರ ಮುದ್ರಿ ಒತ್ತಿರ್ತಾರ. ಇವಕ್ಕೆಲ್ಲೈತಿ ಮುದ್ರಿ?"

ಬಾಳಮ್ಮ ಹತ್ತಿರದ ಕೋಳಿಯನ್ನು ಹಿಡಿದು, ಅದರ ಮೋಟು ಕೊಕ್ಕನ್ನು ಅವನ ಮುಖದ ಮುಂದೆ ಹಿಡಿದಳು. "ಇಲ್ಲೈತಿ ನೋಡ್ರಿ. ಕಾದ ಕಬ್ಬಿಣದ್ದ. ಐದಕ್ಕೂ ಐತಿ."

ಹೊಳೆಪ್ಪ ಬೆರಳಿನಿಂದ ಕೊಕ್ಕು ಸವರಿ ನೋಡಿದ. ಅಷ್ಟು ವರ್ಷ ಫಾರಂ ಕೋಳಿ ತಿಂದವನು ಅದರ ಕೊಕ್ಕನ್ನು ನೋಡಿರಲಿಲ್ಲ. ಎದ್ದು ಇನ್ನೊಂದನ್ನೂ ಹಿಡಿಸಿ ನೋಡಿದ.

"ಆತು," ಎಂದ. "ಬಿಟ್ಟದ್ದು ಬಿಟ್ಟದ್ದ. ಖರೇ, ಹಂಗಾರ ಆ ಬುಟ್ಟಿ ಯಾಕ? ಬಸವಣ್ಣಗ ಬಿಟ್ಟದ್ದನ್ನ ಕೂಡಿ ಹಾಕಂಗಿಲ್ಲ. ಇವತ್ತಿಂದ ಮುಚ್ಚಬ್ಯಾಡ."

"ನಾಯಿ ಅದಾವ್ರಿ ಇಲ್ಲಿ!"

"ಅದು ಬಸವಣ್ಣಗ ಬಿಟ್ಟದ್ದು, ಅಂವಾ ನೋಡ್ಕೋತಾನ."

ಹೊಳೆಪ್ಪ ಬಂಗಡೆ ಮೀನಿನ ಸಾರು ಉಂಡು, ಎರಡು ಸಲ ಹಾಕಿಸಿಕೊಂಡು, ಹೊತ್ತು ಇಳಿಯುವ ಮೊದಲು ಬಸ್ಸು ಹಿಡಿದ. ಹೋಗುವಾಗ ಬುಟ್ಟಿಯನ್ನೂ ಬಗಲಲ್ಲಿ ಇಟ್ಟುಕೊಂಡು ಹೋದ.

ಬಾಳಮ್ಮ ಬಸವಣ್ಣನೊಬ್ಬನನ್ನೇ ನಂಬಿ ಕೂಡಲಿಲ್ಲ. ಉಂಡು ಮಲಗಿದ್ದ ಯಮನೂರನನ್ನು ಎಬ್ಬಿಸಿ, ಮಾಡಿನ ಕೆಳಗೆ, ನಾಯಿ ಜಿಗಿದರೂ ಸಿಗದಷ್ಟು ಎತ್ತರಕ್ಕೆ ಒಂದು ಬಿದಿರು ಅಡ್ಡ ಕಟ್ಟಿಸಿದಳು. ಅವನು ಗೊಣಗುತ್ತಲೇ ಕಟ್ಟಿದ. ಹತ್ತಿ ಕೂರುವುದು ಕೋಳಿಗಳಿಗೆ ತಿಳಿಯದು. ನೆಲದ ಮೇಲೆ ಬುಟ್ಟಿ ಇರುತ್ತಿದ್ದ ಜಾಗದಲ್ಲೇ ಗುಂಪಾಗಿ ಕುಳಿತಿದ್ದವು.

ದೀಪ ಹಚ್ಚುವ ಹೊತ್ತಿಗೆ ಅವಳು ಸ್ಟೂಲಿನ ಮೇಲೆ ನಿಂತು ಒಂದೊಂದನ್ನೇ ಎತ್ತಿ ಬಿದಿರಿನ ಮೇಲೆ ಇಟ್ಟಳು. ಪಂಜರದ ಸಪಾಟು ತಂತಿ ನೆಲಕ್ಕೆ ಒಗ್ಗಿದ ಕಾಲ್ಬೆರಳುಗಳು ಮಡಚಲಿಲ್ಲ, ಕೋಳಿ ಮುಂದಕ್ಕೆ ಮುಗ್ಗರಿಸಿತು. ಬಾಳಮ್ಮ ಒಂದು ಕೈಯಿಂದ ಅದರ ಎದೆ ಹಿಡಿದು, ಇನ್ನೊಂದು ಕೈಯಿಂದ ಅದರ ಬೆರಳುಗಳನ್ನು ಬಿದಿರಿನ ಸುತ್ತ ಒಂದೊಂದಾಗಿ ಮಡಚಿ, ಅದು ಬಿಗಿಯುವವರೆಗೆ ಒತ್ತಿ ಹಿಡಿದಳು. ಹಾಗೇ ಐದಕ್ಕೂ ಮಾಡಿ, ಸ್ಟೂಲಿನಿಂದ ಇಳಿದು, ಕೈ ತೊಳೆದುಕೊಂಡು ಒಳಗೆ ಹೋದಳು.