ನಮ್ಮತ್ತಿಗೆ ನೆಟ್ಟ ಚೌಡಿ

ನಮ್ಮತ್ತಿಗೆ ರುದ್ರಾಣಿ ಸುಳ್ಳು ಹೇಳಿದವರಲ್ಲ. ಹಾಲಿಗೆ ಚೂರು ನೀರು ಬಿದ್ದಿದ್ರೂ "ಇವತ್ತು ನೀರಾಗಿದೆ, ಬೇಕಾದ್ರೆ ತಗೊಳ್ಳಿ" ಅಂತ ಹೇಳಿಯೇ ಮಾರೋರು. ಅಂಥವರು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಮಾಡಿದ್ರು, ಅದೂ ಬಾಯಿಂದಲ್ಲ, ಕೈಯಿಂದ. ಅದಕ್ಕೆ ಅವರು ಪಟ್ಟ ಪಾಡು ನೋಡಿದ್ರೆ ದಿನಕ್ಕೆ ಹತ್ತು ಸುಳ್ಳು ಹೇಳೋ ನಮ್ಮಂಥವರೇ ವಾಸಿ ಅನ್ನಿಸುತ್ತೆ.

ನನ್ನ ತವರು ಮೂಡಿಗೆರೆ. ಅಣ್ಣ ಜಯದೇವಪ್ಪನಿಗೆ ಪೇಟೆಯಲ್ಲಿ ದಿನಸಿ ಅಂಗಡಿ, ಮನೆ ಊರಂಚಿನ ಬಡಾವಣೆಯಲ್ಲಿ. ತೊಂಬತ್ತೇಳರಲ್ಲಿ ಆ ಬಡಾವಣೆಯ ಬಾಗಿಲಿಗೇ ಪೆಟ್ರೋಲ್ ಬಂಕು ಬರುತ್ತೆ ಅಂತ ಸುದ್ದಿ ಎದ್ದಿತು. ಜಾಗ ನಿಂಗಯ್ಯನವರದ್ದು. ಒಂದಿಷ್ಟು ಕಾಫಿ ತೋಟ ಇಟ್ಕೊಂಡ ಸಾಧು ಮನುಷ್ಯ, ಯಾರ ತಂಟೆಗೂ ಹೋದವರಲ್ಲ. ರಸ್ತೆ ಬದಿಯ ತುಂಡು ಜಾಗವನ್ನ ಕಂಪನಿಗೆ ಬಾಡಿಗೆಗೆ ಕೊಡೋಕೆ ಒಪ್ಪಿದ್ರು. ಹೆಂಡತಿ ಮುದ್ದಮ್ಮನಿಗೆ ಬಿಡದ ಹೊಟ್ಟೆನೋವು. ಮಂಗಳೂರಿಗೆ ಕರ್ಕೊಂಡು ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಕೆ ಅದೇ ದಾರಿ ಅಂದ್ಕೊಂಡಿದ್ರು.

ಆದ್ರೆ ಆ ಜಾಗದಿಂದ ಕೂಗಳತೆಯಲ್ಲಿ ಬಡಾವಣೆಯವರೆಲ್ಲ ಕುಡಿಯೋ ಬಾವಿ. ಟ್ಯಾಂಕು ನೆಲದೊಳಗೆ ಹೂಳ್ತಾರಂತೆ, ಸೋರಿದ್ರೆ ಬಾವಿ ಗತಿ ಏನು? ಮಕ್ಕಳು ಶಾಲೆಗೆ ಹೋಗೋ ದಾರಿಗೆ ಲಾರಿ ನುಗ್ಗಿದ್ರೆ? ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಾಲೂಕು ಕಚೇರಿಗೆ ಅರ್ಜಿ ಹೋಯ್ತು, ಚಿಕ್ಕಮಗಳೂರಿನ ಡಿ.ಸಿ. ಆಫೀಸಿಗೆ ಹೋಯ್ತು, ರಸ್ತೆಯಲ್ಲಿ ಕೂತು ಧರಣಿಯೂ ಆಯ್ತು. ಧರಣಿಗೆ ಉಪ್ಪಿಟ್ಟು ಮಾಡಿದ್ದು ಅತ್ತಿಗೆ, ಭಾಷಣ ಮಾಡಿದ್ದು ಅಣ್ಣ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಸೋಮವಾರ ಕಂಪನಿಯವರು ಬಂದು ಆ ಜಾಗದ ಮರ ಕಡಿಸ್ತಾರೆ ಅಂತ ಗೊತ್ತಾಯ್ತು.

ಭಾನುವಾರ ಊಟಕ್ಕೆ ಕೂತ ಅಣ್ಣ ಗೊಣಗಿದ್ನಂತೆ: "ಅಲ್ಲೊಂದು ಚೌಡಿ ಕಲ್ಲಾದ್ರೂ ಇದ್ದಿದ್ರೆ ಯಾವನೂ ಕೊಡಲಿ ಎತ್ತುತ್ತಿರಲಿಲ್ಲ." ನಮ್ಮ ಕಡೆ ಹಾಗೇನೇ. ಮರದ ಬುಡದಲ್ಲಿ ಕಲ್ಲಾಗಿ ಕೂರೋ ಈ ದೇವತೆ ಅಡ್ಡ ಇದ್ರೆ ರಸ್ತೆಯೇ ಸುತ್ತಿಕೊಂಡು ಹೋಗುತ್ತೆ.

ಅಣ್ಣ ಕೈ ತೊಳ್ಕೊಂಡು ಮರೆತ. ಅತ್ತಿಗೆ ಮರೀಲಿಲ್ಲ. ಹಿತ್ತಲಲ್ಲಿ ನಮ್ಮವ್ವನ ಕಾಲದ ಒರಳುಕಲ್ಲಿತ್ತು. ಮನೆಗೆ ಗ್ರೈಂಡರ್ ಬಂದ ಮೇಲೆ ಅದನ್ನ ಕೇಳೋರಿರಲಿಲ್ಲ. ಸೋಮವಾರ ಬೆಳಗ್ಗೆ ಅತ್ತಿಗೆ ಅದರ ರುಬ್ಬುಗುಂಡನ್ನ ಬುಟ್ಟಿಯಲ್ಲಿಟ್ಟು, ಮೇಲೆ ಸಗಣಿ ಮುಚ್ಚಿ, ಸೊಂಟದ ಮೇಲಿಟ್ಕೊಂಡು ಹೊರಟ್ರು. ಸಗಣಿ ಬುಟ್ಟಿ ಹೊತ್ತ ಹೆಂಗಸನ್ನ ಎಲ್ಲಿಗೆ ಅಂತ ಯಾರು ಕೇಳ್ತಾರೆ? ನಿಂಗಯ್ಯನವರ ಜಾಗದ ಬಸರಿ ಮರದ ಬುಡದ ಪೊದೆ ಮರೆಯಲ್ಲಿ ಗುಂಡನ್ನ ಅರ್ಧ ಹೂತು, ಪಾಚಿ ಮೆತ್ತಿ, ಅರಿಶಿನ ಕುಂಕುಮ ಬಳಿದು, ಹಸಿರು ಬಳೆ ಇಟ್ಟು ಬಂದ್ರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಅದು ಬಿಟ್ಟು ಇನ್ನೊಂದು ದೇವರಿಗೆ ಕೈ ಮುಗಿಯದವರು, ಚೌಡಿ ನೆಟ್ಟು ಬಂದ್ರು ನೋಡಿ.

ಮರ ಕಡಿಯೋಕೆ ಬಂದವರು ಕೊಡಲಿ ಕೆಳಗಿಟ್ರು. ಕಂಪನಿ ಸಾಹೇಬರು ಬೂಟು ಬಿಚ್ಚಿ ದೂರ ನಿಂತ್ರು. ಎಲ್ಲರಿಗಿಂತ ಮೊದಲು ಅಡ್ಡ ಬಿದ್ದದ್ದು ನಿಂಗಯ್ಯನವರು. "ನಮ್ಮಪ್ಪ ಹೇಳಿರಲಿಲ್ಲ ತಾಯಿ. ಗೊತ್ತಿಲ್ಲದೆ ನಿನ್ನ ಜಾಗ ಬಾಡಿಗೆಗೆ ಕೊಡೋಕೆ ಹೊರಟೆ" ಅಂತ ಕೆನ್ನೆ ಬಡ್ಕೊಂಡ್ರಂತೆ.

ಬಂಕು ಬೇರೆ ಕಡೆ ಹೋಯ್ತು. ಬಡಾವಣೆಯವರು ಅಣ್ಣನಿಗೆ ಹಾರ ಹಾಕಿದ್ರು. ಗುಂಡಿಲ್ಲದ ಒರಳು ಕಣ್ಣಿಗೆ ಬಿದ್ದಾಗ ಅವನಿಗೂ ವಿಷಯ ತಿಳೀತು. "ಬಾಯಿ ಬಿಟ್ಟೀಯ ಜೋಕೆ, ಮಾನ ಹೋಗುತ್ತೆ" ಅಂದ. ಹಾರ ಬೇಕು, ಗುಂಡು ಬೇಡ. ಒಡಹುಟ್ಟಿದವನು ಅಂತ ನಾನು ಮುಚ್ಚಿಟ್ಟು ಹೇಳೋಳಲ್ಲ.

ಅಲ್ಲಿಗೆ ಮುಗಿದಿದ್ರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ. ಆದ್ರೆ ನಿಂಗಯ್ಯನವರ ತಲೆಗೆ ಒಂದು ಹೊಕ್ಕಿತು: ಮುದ್ದಮ್ಮನ ಹೊಟ್ಟೆನೋವು ಬೇರೇನಲ್ಲ, ಚೌಡಿಯ ಮುನಿಸು. ಮತ್ತೆ ಮಂಗಳೂರು ಯಾಕೆ? ಅಮಾವಾಸ್ಯೆ ಅಮಾವಾಸ್ಯೆಗೆ ಗಂಡ ಹೆಂಡತಿ ಬಂದು, ತಪ್ಪಾಯ್ತು ತಾಯಿ ಅಂತ ಕಲ್ಲಿನ ಮುಂದೆ ತಪ್ಪುಕಾಣಿಕೆ ಇಟ್ಟು, ಕಾಯಿ ಒಡೆದು ಹೋಗೋರು. ದಾರಿಯಲ್ಲೇ ನಮ್ಮ ಮನೆ, ಅತ್ತಿಗೆಗೂ ಪ್ರಸಾದ ಕೊಡೋರು. ಅತ್ತಿಗೆ ಎರಡೂ ಕೈ ಚಾಚಿ ತಗೊಂಡು, ಅವರು ಮರೆಯಾದ ಮೇಲೆ ಹಸುವಿಗೆ ಹಾಕೋರು. ಮುದ್ದಮ್ಮ ಸೊರಗಿ ಸೊರಗಿ ಕಡ್ಡಿಯಾಗಿದ್ರು. "ಒಂದ್ಸಲ ಡಾಕ್ಟರಿಗೆ ತೋರಿಸಿ ಮುದ್ದಮ್ಮ" ಅಂತ ಅತ್ತಿಗೆ ಅಂದ್ರೆ, "ತಾಯಿ ಒಲಿದ್ರೆ ಡಾಕ್ಟರು ಯಾಕೆ ಅಮ್ಮ" ಅನ್ನೋರು. ಅತ್ತಿಗೆ ಆ ದಿನ ಉಪವಾಸ ಇರೋರು. ಆದ್ರೂ ಗಂಡನ ಮಾನಕ್ಕೆ ಹೆದರಿ ಬಾಯಿ ಬಿಡಲಿಲ್ಲ.

ನಾನು ಮದುವೆಯಾಗಿ ಚಿಕ್ಕಮಗಳೂರು ಸೇರಿದವಳು. ತೊಂಬತ್ತೊಂಬತ್ತರ ಶಿವರಾತ್ರಿಗೆ ತವರಿಗೆ ಹೋಗಿದ್ದೆ. ಹಿತ್ತಲಲ್ಲಿ ಬರೀ ಒರಳು ನೋಡಿ, "ಗುಂಡೆಲ್ಲಿ ಅತ್ತಿಗೆ? ಅದನ್ನ ತಿರುಗಿಸಿ ತಿರುಗಿಸಿ ನನ್ನ ಕೈಯೆಲ್ಲ ಬೊಬ್ಬೆ ಬಂದಿತ್ತಲ್ಲ" ಅಂದೆ. ಅಷ್ಟಕ್ಕೇ ಅತ್ತಿಗೆ ಒರಳಿನ ಪಕ್ಕ ಕೂತು ಅಳೋಕೆ ಶುರು ಮಾಡಿದ್ರು. ಎಲ್ಲಾ ಹೇಳಿದ್ರು. "ಬಾವಿ ಉಳಿಸೋಕೆ ಹೋಗಿ ಆ ಹೆಂಗಸನ್ನ ಕೊಲ್ತಾ ಇದ್ದೀನಿ ಕಣೇ" ಅಂದ್ರು.

ನನಗೆ ಸಿಟ್ಟು ನೆತ್ತಿಗೇರಿತು. "ನೀವು ಇಲ್ಲಿ ಅತ್ರೆ ಅವರ ನೋವು ಹೋಗುತ್ತಾ? ಏಳಿ, ಈಗಲೇ ಹೋಗಿ ಹೇಳೋಣ" ಅಂತ ಎಬ್ಬಿಸಿಕೊಂಡು ನಿಂಗಯ್ಯನವರ ಮನೆಗೆ ಹೊರಟೆ.

ಅತ್ತಿಗೆ ಹೇಳಿದ್ರು. ನಿಂಗಯ್ಯನವರು ನಂಬಲೇ ಇಲ್ಲ. "ಇವಳು ಆಸ್ಪತ್ರೆಗೆ ಹೋಗ್ಲಿ ಅಂತ ಪಾಪವನ್ನ ನಿಮ್ಮ ಮೇಲೆ ಹಾಕ್ಕೊಳ್ತೀರಲ್ಲ ಅಮ್ಮ. ನಿಮ್ಮಂಥ ಸತ್ಯವಂತರು ಅಂಥ ಕೆಲಸ ಮಾಡೋದುಂಟಾ" ಅಂತ ಕೈ ಮುಗಿದ್ರು. ಅಷ್ಟು ವರ್ಷ ಸತ್ಯ ಹೇಳಿದ್ದಕ್ಕೆ ಅತ್ತಿಗೆಗೆ ಸಿಕ್ಕ ಬಹುಮಾನ ಅದು.

ಅತ್ತಿಗೆ ನೇರ ಬಸರಿ ಮರಕ್ಕೆ ಹೋಗಿ, ಮಂಡಿಯೂರಿ, ಕೈಯಲ್ಲೇ ಮಣ್ಣು ಕೆರೆದು ಗುಂಡನ್ನ ಮೇಲೆತ್ತಿದ್ರು. ಈ ಸಲ ಸಗಣಿ ಮುಚ್ಚಲಿಲ್ಲ. ಎದೆಗೆ ಅವಚಿಕೊಂಡು ನಡುಬೀದಿಯಲ್ಲೇ ಬಂದ್ರು. "ಬೇಡ ಅಮ್ಮ, ಬೇಡ" ಅಂತ ನಿಂಗಯ್ಯನವರು ಹಿಂದೆ, ಅವರ ಹಿಂದೆ ನಾನು, ನಮ್ಮ ಹಿಂದೆ ಇಡೀ ಬಡಾವಣೆ.

ಹಿತ್ತಲಿಗೆ ಬಂದು ಗುಂಡನ್ನ ಒರಳಿಗಿಟ್ಟು, ನೀರು ಹಾಕಿ ತಿರುಗಿಸಿದ್ರು. ಒಟ್ಟಿಗೆ ಸವೆದ ಒರಳು ಗುಂಡು ಒಂದಕ್ಕೊಂದು ಕೂರೋ ಹಾಗೆ ಬೇರೆ ಕಲ್ಲು ಕೂರೋದಿಲ್ಲ. ರುಬ್ಬಿ ಉಂಡ ಮನೆಯವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗುಂಡು ತೊಡಕಿಲ್ಲದೆ ತಿರುಗಿತು. ಕುಂಕುಮ ಬಿಟ್ಟುಕೊಂಡು ನೀರು ಕೆಂಪಾಯ್ತು. ನಿಂಗಯ್ಯನವರು ಟವೆಲ್ಲು ಹೆಗಲಿಗೆ ಹಾಕ್ಕೊಂಡು ಹೋದ್ರು. ಕೈಸಾಲ ಮಾಡಿ ಮಾರನೇ ದಿನ ಮೊದಲ ಬಸ್ಸಿಗೆ ಮುದ್ದಮ್ಮನ್ನ ಮಂಗಳೂರಿಗೆ ಕರ್ಕೊಂಡು ಹೋದ್ರು.

ಗರ್ಭಕೋಶದಲ್ಲಿ ಗಡ್ಡೆ. ಮೊದಲೇ ಕರ್ಕೊಂಡು ಬಂದಿದ್ರೆ ತೆಗೀಬಹುದಿತ್ತು ಅಂದ್ರಂತೆ ಡಾಕ್ಟರು. ಆ ಮಳೆಗಾಲ ಮುಗಿಯೋ ಮೊದಲೇ ಮುದ್ದಮ್ಮ ತೀರಿಕೊಂಡ್ರು.

ಸಾವಿನ ಮನೆಗೆ ಅತ್ತಿಗೆ ಜೊತೆ ನಾನೂ ಹೋಗಿದ್ದೆ. ಅಣ್ಣ ಅಂಗಡಿ ಬಿಟ್ಟು ಬರಲಿಲ್ಲ. ಅತ್ತಿಗೆಗೆ ಒಳಗೆ ಹೋಗೋ ಧೈರ್ಯ ಬಾರದೆ ಜಗಲಿ ಕೆಳಗೇ ನಿಂತ್ರು. ನಿಂಗಯ್ಯನವರೇ ಹೊರಗೆ ಬಂದ್ರು. ಮುಖಕ್ಕೆ ಉಗೀತಾರೆ ಅಂದ್ಕೊಂಡೆ. ಉಗಿದಿದ್ರೇ ಚೆನ್ನಾಗಿತ್ತು. ಏನೋ ಗೊತ್ತಿಲ್ಲದ್ದನ್ನ ತಿಳ್ಕೊಳ್ಳೋರ ಹಾಗೆ ಮೆತ್ತಗೆ ಕೇಳಿದ್ರು: "ಒಂದು ಮಾತು ಹೇಳಿ ರುದ್ರಾಣಮ್ಮ. ನಾವಿಬ್ಬರೂ ತಪ್ಪಾಯ್ತು ತಪ್ಪಾಯ್ತು ಅಂತ ಅಷ್ಟು ದಿನ ಬೇಡ್ಕೊಂಡಿದ್ದು ಯಾರ ಹತ್ರ?"

ಈಗ ಬಡಾವಣೆಗೆ ನಲ್ಲಿ ಬಂದಿದೆ. ಆ ಬಾವಿಯನ್ನ ಯಾರೂ ಸೇದೋದಿಲ್ಲ, ಮೇಲೆ ಚಪ್ಪಡಿ ಎಳೆದಿದ್ದಾರೆ. ಒರಳು ಹಿತ್ತಲಲ್ಲೇ ಇದೆ, ಗುಂಡೂ ಅದರಲ್ಲೇ ಇದೆ. ಅಮಾವಾಸ್ಯೆ ಬಂದ್ರೆ ಅತ್ತಿಗೆ ಅದರ ಮುಂದೆ ಹೋಗಿ ಕೂರ್ತಾರೆ, ತಪ್ಪಾಯ್ತು ಅಂತಾರೆ. ಒಂದು ಸಲ ನನಗೆ ತಡೀಲಿಲ್ಲ. "ಅದು ರುಬ್ಬುಗುಂಡು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅತ್ತಿಗೆ? ಯಾಕೆ ಈ ಹುಚ್ಚು" ಅಂದೆ.

"ಗುಂಡೇ ಕಣೇ" ಅಂದ್ರು ಅತ್ತಿಗೆ. "ಮುದ್ದಮ್ಮ ಇದರ ಮುಂದೆ ತಾನೇ ಅತ್ತಿದ್ದು? ನಾನು ಇನ್ನೆಲ್ಲಿ ಹೋಗಿ ಅಳ್ಲಿ?"